ಕಾಲು ತೊಳೆಯದ ಕಗ್ಗಿ

ಲೋಕ ಆಗ ಹೊಸ ಮಡಕೆಯ ಹಾಗಿತ್ತು. ತಟ್ಟಿದರೆ ಟಣ್ ಎನ್ನುತ್ತಿತ್ತು. ಬೆಟ್ಟಗಳ ಅಂಚು ಸವೆದಿರಲಿಲ್ಲ. ಹೊಳೆಗಳಿಗೆ ತಮ್ಮ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಗಾಳಿಗೂ ಹುಲ್ಲಿಗೂ ಏಡಿಗೂ ಕಡಲಿಗೂ ಇದ್ದದ್ದು ಒಂದೇ ಮಾತು.

ಆಗ ಗಿಡಗಳು ನಡೆಯುತ್ತಿದ್ದವು.

ನಾವು ಇಂದು ಬೇರು ಎನ್ನುವುದನ್ನು ಅವು ಅಂದು ಕಾಲು ಎನ್ನುತ್ತಿದ್ದವು. ಮಾವು ನಡೆಯಿತು, ಹಲಸು ನಡೆಯಿತು, ತೆಂಗು ತಲೆ ತೂಗುತ್ತಾ ನಡೆಯಿತು. ಪ್ರತಿ ಗಿಡವೂ ತನಗೊಂದು ನೆಲ ಹುಡುಕಬೇಕು, ಅಲ್ಲಿ ಕಾಲೂರಬೇಕು. ಕಾಲೂರಿದ ಮೇಲೆ ಹೂವು, ಕಾಯಿ, ಕಾಳು. ಮಳೆಗಾಲ ಮುಗಿಯುವುದರೊಳಗೆ ನೆಲ ಸಿಗದ ಗಿಡ ಕಾಳು ಕಟ್ಟದೆ ಒಣಗುತ್ತಿತ್ತು. ಅದರ ಕುಲ ಅಲ್ಲಿಗೆ ಮುಗಿದ ಹಾಗೆ.

ಗಿಡಗಳಲ್ಲಿ ಒಂದು ರಿವಾಜು ಇತ್ತು. ಯಾರ ನೆಲಕ್ಕೆ ಕಾಲಿಡುವ ಮೊದಲೂ ಕಾಲು ತೊಳೆಯಬೇಕು. ಹತ್ತಿರದ ನೀರಿಗೆ ಇಳಿದು, ಉಜ್ಜಿ, ಬೆಳ್ಳಗೆ ಮಾಡಿಕೊಂಡು ಒಳಗೆ ಹೋಗಬೇಕು.

"ಕಾಲು ತೊಳೆದು ಬಂದವರು ನೆಂಟರು, ತೊಳೆಯದೆ ಬಂದದ್ದು ದನ" ಎಂದು ತಾಯಿ ಗಿಡಗಳು ಮೊಳಕೆಗಳಿಗೆ ಹೇಳಿಕೊಡುತ್ತಿದ್ದವು.

ಕಗ್ಗಿ ಭತ್ತದ ಮನೆಯ ಕೊನೆಯ ಮಗಳು. ಅವಳಿಗೆ ಎರಡು ದಂಟು, ಎರಡು ಕಾಲು. ಮೇಲೆ ಘಟ್ಟದ ಬುಡದ ಕೆಂಪು ಮಣ್ಣಿನಲ್ಲಿ ಅವಳೂ ಅವಳ ಅಕ್ಕಂದಿರೂ ಮೊಳೆತಿದ್ದರು. ಅಲ್ಲಿ ಎಲ್ಲರಿಗೂ ಜಾಗ ಸಾಲಲಿಲ್ಲ. ನೆಲ ಹುಡುಕಲು ಎಲ್ಲರೂ ಕೂಡಿ ಹೊರಟರು. ಮುಂದೆ ದೊಡ್ಡಕ್ಕ, ಹಿಂದೆ ಸಾಲಾಗಿ ಅಕ್ಕಂದಿರು, ಕೊನೆಯಲ್ಲಿ ಕಗ್ಗಿ.

ದೊಡ್ಡಕ್ಕನಿಗೆ ಮನೆತನದ ಹೆಮ್ಮೆ ಬಹಳ. ಯಾವ ನೆಲ ಕಂಡರೂ ಅಂಚಿನಲ್ಲಿ ನಿಂತೇ ಮೂಗು ಮುರಿಯುತ್ತಿದ್ದಳು.

"ಇಲ್ಲಿ ಕಲ್ಲು ಜಾಸ್ತಿ."

"ಇಲ್ಲಿ ಹಲಸಿನ ನೆರಳು. ಹಲಸಿನವರ ನೆರಳಲ್ಲಿ ನಾವು ಬದುಕೋದಾ?"

"ಇಲ್ಲಿ ಹುರುಳಿಯವರು ಇದ್ದಾರೆ. ಸಾಕು, ನಡೀರಿ."

ನಡೆದರು, ನಡೆದರು. ಅವರು ಮೂಗು ಮುರಿದ ನೆಲಕ್ಕೆ ಬೇರೆಯವರು ಬಂದು ಕಾಲೂರಿದರು. ಕೊನೆಗೆ ಹೊಳೆ ಕಡಲನ್ನು ಸೇರುವ ಜಾಗಕ್ಕೆ ಬಂದು ನಿಂತರು. ಮುಂದೆ ಬರೀ ನೀರು. ಹಿಂದೆ ಎಲ್ಲವೂ ಯಾರದೋ ಮನೆ. ಮಳೆ ಆಗಲೇ ತೆಳುವಾಗಿತ್ತು.

ಅಲ್ಲಿ ಒಂದೇ ಒಂದು ನೆಲ ಖಾಲಿ ಇತ್ತು. ತಗ್ಗು ನೆಲ, ಬೂದು ಬಣ್ಣ, ಅಲ್ಲಲ್ಲಿ ಒಣಗಿದ ಉಪ್ಪಿನ ಬಿಳಿಯ ಹೊಪ್ಪಳೆ. ಅದರ ಹೆಸರು ಗಜನಿ.

"ಬನ್ನಿ ಬನ್ನಿ" ಎಂದಳು ಗಜನಿ. "ಎಷ್ಟು ದೂರದಿಂದ ಬಂದಿರೋ ಏನೋ. ನನ್ನಲ್ಲಿ ಯಾರೂ ಇಲ್ಲ. ಜಾಗಕ್ಕೆ ಬರ ಇಲ್ಲ."

"ಯಾಕೆ ಯಾರೂ ಇಲ್ಲ?" ಎಂದು ಕೇಳಿದಳು ದೊಡ್ಡಕ್ಕ.

ಗಜನಿ ಮೆಲ್ಲಗೆ ಹೇಳಿದಳು. "ಕಡಲಪ್ಪ ದಿನಾ ಬಂದು ಹೋಗ್ತಾನೆ. ಬರುವಾಗ ಉಪ್ಪು ತರ್ತಾನೆ, ಹೋಗುವಾಗ ನನ್ನ ಮಣ್ಣು ಒಯ್ತಾನೆ. ಬಂದವರಿಗೆ ಕೊಡೋಕೆ ನನ್ನಲ್ಲಿರೋದು ಉಪ್ಪುನೀರು ಮಾತ್ರ."

ದೊಡ್ಡಕ್ಕ ಈ ಸಲ ಮೂಗು ಮುರಿಯಲಿಲ್ಲ. ಮೂಗು ಮುರಿಯಲು ಬೇರೆ ನೆಲ ಎಲ್ಲಿತ್ತು?

"ಕಾಲು ತೊಳೀರಿ" ಎಂದಳು.

ಅಕ್ಕಂದಿರು ಹೊಳೆಗೆ ಇಳಿದರು. ಉಜ್ಜಿ ಉಜ್ಜಿ ಕಾಲು ತೊಳೆದರು. ದಾರಿಯುದ್ದಕ್ಕೂ ಅಂಟಿಕೊಂಡು ಬಂದಿದ್ದ ಕೆಂಪು ಮಣ್ಣು ನೀರಲ್ಲಿ ಕರಗಿ ಹೋಯಿತು. ಹೊಳೆಯುವ ಬಿಳಿ ಕಾಲುಗಳಲ್ಲಿ ಮೊದಲ ಸಾಲಿನವರು ಗಜನಿಯ ಒಳಗೆ ಹೋದರು.

ಮರುದಿನ ಅವರ ಎಲೆಗಳ ತುದಿ ಬೆಂಕಿ ತಾಗಿದ ಹಾಗೆ ಕಂದಿತು. ಸುತ್ತಲೂ ನೀರು, ಆದರೂ ಬಾಯಾರಿಕೆ. ಕುಡಿದಷ್ಟೂ ಉಪ್ಪು, ಉಪ್ಪು ಏರಿದಷ್ಟೂ ದಾಹ. ಸಂಜೆಯೊಳಗೆ ಅವರು ಬಾಡಿ ಮಲಗಿದರು. ಮತ್ತೆ ಏಳಲಿಲ್ಲ.

ಗಜನಿ ಅತ್ತಳು. "ನಾನು ಹೇಳಲಿಲ್ಲವಾ? ನನ್ನ ಮನೆಗೆ ಬಂದವರು ಯಾರೂ ಉಳಿಯೋದಿಲ್ಲ. ಇನ್ನು ಸ್ವಲ್ಪ ದಿನಕ್ಕೆ ನಾನೂ ಉಳಿಯೋದಿಲ್ಲ. ಕಡಲಪ್ಪ ನನ್ನನ್ನು ಪೂರ್ತಿ ಒಯ್ದುಬಿಡ್ತಾನೆ."

ದಡದಲ್ಲಿ ಉಳಿದ ಅಕ್ಕಂದಿರು ತೊಳೆದ ಕಾಲುಗಳಲ್ಲಿ ಹಾಗೇ ನಿಂತಿದ್ದರು. ಒಳಗೆ ಹೋಗಲು ಹೆದರಿಕೆ. ಹಿಂದೆ ಹೋಗಲು ಜಾಗ ಇಲ್ಲ.

"ನಾನು ಹೋಗ್ತೇನೆ" ಎಂದಳು ಕಗ್ಗಿ.

"ನೀನಾ? ನೀನು ಎಲ್ಲರಿಗಿಂತ ಸಣ್ಣವಳು!"

"ದಡದಲ್ಲಿ ನಿಂತರೂ ಒಣಗ್ತೇನೆ ದೊಡ್ಡಕ್ಕ. ಒಣಗೋದಾದರೆ ಒಂದು ಮನೆಯೊಳಗೆ ಒಣಗ್ತೇನೆ. ಗಜನಿಯವ್ವ ಅಷ್ಟು ಕರೀತಿದ್ದಾಳೆ."

ಕಗ್ಗಿ ಹೊಳೆಗೆ ಇಳಿದಳು. ಎಡಗಾಲು ಚೆನ್ನಾಗಿ ತೊಳೆದಳು. ಬೆರಳ ಸಂದಿಯ ಕೆಂಪು ಮಣ್ಣನ್ನೂ ಬಿಡಲಿಲ್ಲ. ಬಲಗಾಲು ಎತ್ತಿದಳು. ನೋಡಿದರೆ ನೀರೇ ಇಲ್ಲ! ಹೊಳೆ ಸರಸರನೆ ಇಳಿದು ಹೋಗುತ್ತಿತ್ತು.

"ಹೊಳೆಯಕ್ಕ, ನಿಲ್ಲು! ಇನ್ನೊಂದು ಕಾಲಿದೆ!"

"ಆಗೋದಿಲ್ಲ ತಂಗಿ! ಇಳಿತದ ಹೊತ್ತು. ಕಡಲು ಎಳೀತಿದೆ" ಎಂದು ಕೂಗುತ್ತಾ ಹೊಳೆ ಓಡಿತು.

ಇನ್ನು ನೀರು ಬರುವುದು ಉಬ್ಬರದಲ್ಲಿ. ಉಬ್ಬರದ ನೀರು ಉಪ್ಪು. ಉಪ್ಪುನೀರಲ್ಲಿ ತೊಳೆದ ಕಾಲು ತೊಳೆದ ಲೆಕ್ಕಕ್ಕೆ ಬರುವುದಿಲ್ಲ. ಅತ್ತ ಗಜನಿ ಬಾಗಿಲು ತೆರೆದು ಕಾಯುತ್ತಿದ್ದಳು. ಕಗ್ಗಿ ಬೇರೆ ದಾರಿ ಕಾಣದೆ ಮಣ್ಣಿನ ಬಲಗಾಲನ್ನು ಬಿಳಿಯ ಎಡಗಾಲಿನ ಹಿಂದೆ ಮರೆಮಾಡಿದಳು. ಹಾಗೇ ಕುಂಟುತ್ತಾ ಒಳಗೆ ಹೋದಳು.

ದೊಡ್ಡಕ್ಕನಿಗೆ ಕಾಣಲಿಲ್ಲ. ಬಿಲದ ಬಾಯಲ್ಲಿ ಕೂತಿದ್ದ ಏಡಿಗೆ ಕಂಡಿತು. ಏಡಿಯ ಕಣ್ಣು ಕಡ್ಡಿಯ ಮೇಲಿರುತ್ತದೆ, ಅದಕ್ಕೆ ಕಾಣದ್ದು ಯಾವುದು?

"ಓಹೋಹೋ!" ಎಂದಿತು ಏಡಿ. "ಒಂದು ಕಾಲು ಮದುಮಗಳದ್ದು, ಒಂದು ಕಾಲು ಎಮ್ಮೆಯದ್ದು!"

"ಸುಮ್ಮನಿರು ಏಡಿಭಾವ" ಎಂದಳು ಕಗ್ಗಿ. "ಅಡ್ಡ ನಡೆಯೋರು ಬೇರೆಯವರ ನಡಿಗೆ ನೋಡಿ ನಗಬಾರದು."

ಏಡಿ ಬಾಯಲ್ಲಿ ನೊರೆ ತುಂಬುವಷ್ಟು ನಕ್ಕಿತು. ಆದರೂ ಯಾರಿಗೂ ಹೇಳಲಿಲ್ಲ. ನಾಳೆ ಸಾಯುವವಳ ಬಗ್ಗೆ ಚಾಡಿ ಯಾಕೆ ಎಂದುಕೊಂಡಿತು.

ಮರುದಿನ ಬಿಸಿಲೇರಿದಾಗ ಏಡಿ ನೋಡಲು ಬಂತು. ಕಗ್ಗಿಯ ಸುತ್ತ ಒಂದು ಸುತ್ತು ಹಾಕಿತು.

"ಇದೇನು ತಂಗಿ! ಅರ್ಧ ಸತ್ತಿದ್ದೀಯ. ಇನ್ನರ್ಧ ಸಾಯೋಕೆ ಮರೆತೆಯಾ?"

ಕಗ್ಗಿ ತನ್ನನ್ನು ತಾನೇ ನೋಡಿಕೊಂಡಳು. ಎಡಗಡೆಯ ದಂಟಿನ ಎಲೆಗಳೆಲ್ಲ ಸುಟ್ಟು ಕಂದಿದ್ದವು. ಬಲಗಡೆಯ ದಂಟು ಗಿಳಿಯ ರೆಕ್ಕೆಯ ಹಾಗೆ ಹಸಿರಾಗಿತ್ತು.

ಅವಳು ನಿಧಾನವಾಗಿ ಯೋಚಿಸಿದಳು. ಎರಡೂ ಕಡೆ ಒಂದೇ ನೆಲ. ಒಂದೇ ಉಪ್ಪು. ಒಂದೇ ಬಿಸಿಲು, ಒಂದೇ ಗಾಳಿ. ಬೇರೆಯಾಗಿದ್ದು ಯಾವುದು?

ಕಾಲು.

ಎಡಗಾಲು ತೊಳೆದದ್ದು. ಬಲಗಾಲು ತೊಳೆಯದ್ದು.

ಕಗ್ಗಿ ಬಗ್ಗಿ ಬಲಗಾಲಿನ ಮಣ್ಣನ್ನು ನೋಡಿದಳು. ಕೆಂಪು ಮಣ್ಣಿನ ನಡುವೆ ಏನೋ ಬೆಳ್ಳಗೆ ಮಿಸುಕಿತು. ಜೇಡನ ನೂಲಿಗಿಂತ ತೆಳು. ಒಂದು ತುದಿ ಅವಳ ಬೆರಳೊಳಗೆ, ಇನ್ನೊಂದು ತುದಿ ಎಲ್ಲೋ ದೂರ ಗಜನಿಯ ಬೂದು ಮಣ್ಣಿನೊಳಗೆ.

"ಯಾರು?" ಎಂದಳು ಕಗ್ಗಿ.

"ನಾನು ನೂಲ" ಎಂದಿತು ಒಂದು ಸಣ್ಣ ದನಿ. "ಅಕ್ಕ, ಕಾಲು ಅಲ್ಲಾಡಿಸಬೇಡ. ಕೆಲಸದಲ್ಲಿದ್ದೇನೆ."

"ಯಾವ ಮನೆಯವನು ನೀನು?"

"ಅಣಬೆಯವರ ದಾಯಾದಿ. ಅವರಿಗೆಲ್ಲ ಕೊಡೆ ಸಿಕ್ಕಿತು. ನಮಗೆ ಸಿಗಲಿಲ್ಲ."

"ಅಯ್ಯೋ! ಮಳೆ ಬಂದರೆ?"

"ಹೊರಗೇ ಬರೋದಿಲ್ಲ" ಎಂದ ನೂಲ. "ನಿಮ್ಮ ಕೆಂಪು ಮಣ್ಣಿನಿಂದ ನಿನ್ನ ಕಾಲು ಹಿಡಿದುಕೊಂಡೇ ಬಂದೆ. ನಿನ್ನ ಕಾಲು ದಪ್ಪ ಅಕ್ಕ, ಸಣ್ಣ ಸಂದಿಗೆ ಇಳಿಯೋದಿಲ್ಲ. ನಾನು ಇಳೀತೇನೆ. ಮಳೆಯ ಸಿಹಿನೀರು ಎಲ್ಲಿ ಅಡಗಿದೆಯೋ ಅಲ್ಲಿಂದ ಹನಿಹನಿಯಾಗಿ ತರ್ತೇನೆ. ಮಣ್ಣಿನ ಸಾರ ಹುಡುಕಿ ತರ್ತೇನೆ. ಉಪ್ಪು ಬಂದರೆ ಹೊಸಿಲಲ್ಲೇ ತಡೀತೇನೆ. ಪೂರ್ತಿ ತಡೆಯೋಕಾಗೋದಿಲ್ಲ. ನೀನು ತಾಳಿಕೊಳ್ಳುವಷ್ಟು ಮಾತ್ರ ಒಳಗೆ ಬಿಡ್ತೇನೆ."

ಕಗ್ಗಿಯ ಕಣ್ಣು ಬಾಡಿ ಮಲಗಿದ್ದ ಅಕ್ಕಂದಿರ ಕಡೆ ಹೋಯಿತು.

"ಅವರ ಕಾಲಲ್ಲೂ ನಿಮ್ಮವರು ಇದ್ದರಾ?"

"ಇದ್ದರು" ಎಂದ ನೂಲ.

"ಮತ್ತೆ?"

"ತೊಳೆದುಕೊಂಡರಲ್ಲ, ಅಕ್ಕ."

ಮಲಗಿದ ಅಕ್ಕಂದಿರ ಕಾಲುಗಳು ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಒಂದು ಚೂರೂ ಕೊಳೆ ಇರಲಿಲ್ಲ.

ಕಗ್ಗಿ ತನ್ನ ತೊಳೆದ ಎಡಗಾಲನ್ನು ಎತ್ತಿ ಬಲಗಾಲಿನ ಮಣ್ಣಿನ ಮೇಲೆ ಇಟ್ಟಳು. "ಇದನ್ನೂ ಹಿಡಿದುಕೋ ನೂಲ."

"ಹಿಡೀತೇನೆ. ಆದರೆ ನನಗೂ ಹೊಟ್ಟೆ ಇದೆ ಅಕ್ಕ. ನಾನು ಬಿಸಿಲು ಕಂಡವನಲ್ಲ. ಬಿಸಿಲಿಗೆ ರುಚಿ ಇದೆಯಂತೆ, ಹೌದಾ?"

ಕಗ್ಗಿ ಉಳಿದ ಹಸಿರೆಲೆಗಳನ್ನು ಅಗಲ ಮಾಡಿ ಬಿಸಿಲು ಹಿಡಿದಳು. ಬಿಸಿಲನ್ನು ಸಕ್ಕರೆ ಮಾಡಿ ದಂಟಿನೊಳಗಿಂದ ಒಂದು ಹನಿ ಕೆಳಗೆ ಕಳಿಸಿದಳು.

ನೂಲ ಚಪ್ಪರಿಸಿದ. "ಸಿಹಿ" ಎಂದ. ಮತ್ತೆ ಕೆಲಸಕ್ಕೆ ಹೋದ.

ದಿನ ಕಳೆಯಿತು. ಕಂದಿದ ದಂಟಿನ ಬುಡದಲ್ಲಿ ಹೊಸ ಎಲೆ ಇಣುಕಿತು. ಆಗ ಕಗ್ಗಿ ದಡದ ಕಡೆ ತಿರುಗಿ ಕೂಗಿದಳು.

"ದೊಡ್ಡಕ್ಕಾ! ಬನ್ನಿ! ಎಲ್ಲರೂ ಬನ್ನಿ! ಇಲ್ಲಿ ಬದುಕಬಹುದು!"

ದೊಡ್ಡಕ್ಕ ಅಂಚಿಗೆ ಬಂದಳು. ಕಗ್ಗಿಯ ಹಸಿರು ಕಂಡು ಮುಖ ಅರಳಿತು. ಕಗ್ಗಿಯ ಕಾಲು ಕಂಡು ಮುಖ ಮುದುಡಿತು.

"ಏನಿದು? ಮಣ್ಣುಗಾಲಲ್ಲಿ ಒಳಗೆ ಹೋದೆಯಾ? ಭತ್ತದ ಮನೆಯ ಹುಡುಗಿ! ಊರು ಏನಂದೀತು?"

"ಈ ಕಾಲೇ ನನ್ನನ್ನು ಉಳಿಸಿದ್ದು" ಎಂದಳು ಕಗ್ಗಿ. ಕಂಡದ್ದನ್ನೆಲ್ಲ ಹೇಳಿದಳು. ತೊಳೆದ ಕಾಲಿನ ಕತೆ, ತೊಳೆಯದ ಕಾಲಿನ ಕತೆ, ನೂಲನ ಕತೆ. ಏನನ್ನೂ ಕೂಡಿಸಲಿಲ್ಲ, ಏನನ್ನೂ ಬಿಡಲಿಲ್ಲ.

"ಮನೆತನ ಅಂತ ಒಂದು ಇದೆ ಕಗ್ಗಿ."

"ನಾವೇ ಒಣಗಿದ ಮೇಲೆ ಮನೆತನ ಯಾರದ್ದು ಅಕ್ಕ? ಕಾಲು ತೊಳೆಯೋದು ಯಾಕೆ, ಹೇಳು. ಮನೆಯವರಿಗೆ ಮರ್ಯಾದೆ ಕೊಡೋಕೆ ಅಲ್ಲವಾ? ಹಾಗಾದರೆ ಮನೆಯವರನ್ನೇ ಕೇಳೋಣ. ಗಜನಿಯವ್ವ, ನಾವು ಕಾಲಲ್ಲಿ ಮಣ್ಣು ತಂದರೆ ನಿನಗೆ ಬೇಜಾರಾ?"

ಗಜನಿಗೆ ನಗು ಬಂತು. ಹುಟ್ಟಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

"ಮಗಳೇ, ನಾನೇ ಮಣ್ಣು. ಮಣ್ಣಿನ ಮನೆಗೆ ಮಣ್ಣು ಬಂದರೆ ಬೇಜಾರ್ಯಾಕೆ? ನೀವೆಲ್ಲ ಯಾಕೆ ಕಾಲು ತೊಳೀತೀರಿ ಅಂತ ನಾನೂ ಯೋಚನೆ ಮಾಡ್ತಿದ್ದೆ. ನೆಂಟರನ್ನು ಕೇಳಬಾರದು ಅಂತ ಸುಮ್ಮನಿದ್ದೆ."

ದೊಡ್ಡಕ್ಕ ಕಗ್ಗಿಯ ಹಸಿರನ್ನೂ ತನ್ನ ಬಿಳಿ ಕಾಲನ್ನೂ ನೋಡಿದಳು.

"ಆದರೆ ನಾವು ಆಗಲೇ ತೊಳೆದಾಯ್ತಲ್ಲ" ಎಂದಳು. ಈ ಸಲ ಅವಳ ದನಿ ಸಣ್ಣದಾಗಿತ್ತು. "ನಮ್ಮ ಕಾಲಲ್ಲಿ ಯಾರೂ ಉಳಿದಿಲ್ಲ."

"ನನ್ನ ಕಾಲಿಗೆ ನಿಮ್ಮ ಕಾಲು ತಾಗಿಸಿ ನಿಲ್ಲಿ. ನೂಲ ದಾಟಿ ಬರ್ತಾನೆ. ಒಬ್ಬರಿಂದ ಒಬ್ಬರಿಗೆ."

ಅಕ್ಕಂದಿರು ಒಬ್ಬೊಬ್ಬರಾಗಿ ಇಳಿದರು. ಬೆಳ್ಳನೆಯ ಕಾಲುಗಳನ್ನು ಕೆಸರಿಗೆ ಊರಿದರು. ಕಾಲಿಗೆ ಕಾಲು ತಾಗಿಸಿ ನಿಂತರು. ಒಳ್ಳೆಯ ಮನೆತನದವರು ತಾನೆ? ಕಾಲು ತಾಗಿದಾಗಲೆಲ್ಲ ಅಭ್ಯಾಸಬಲದಿಂದ ಬಾಗಿ ಒಬ್ಬರನ್ನೊಬ್ಬರು ಮುಟ್ಟಿ ನಮಸ್ಕಾರ ಮಾಡಿಕೊಂಡರು. ಗದ್ದೆ ತುಂಬಾ ನಮಸ್ಕಾರವೋ ನಮಸ್ಕಾರ.

"ಹೀಗೆ ಬಾಗ್ತಾ ಇದ್ದರೆ ಕಾಲೂರೋದು ಯಾವಾಗ?" ಎಂದಿತು ಏಡಿ.

ದೊಡ್ಡಕ್ಕ ಕೊನೆಗೆ ಇಳಿದಳು. ಒಂದು ಕಾಲು ಇಟ್ಟಳು. ಕಣ್ಣು ಮುಚ್ಚಿದಳು. ಇನ್ನೊಂದು ಕಾಲು ಇಟ್ಟಳು.

ಮಣ್ಣಿನೊಳಗೆ ನೂಲ ಹೆಣೆಯುತ್ತಾ ಹೋದ. ಕಗ್ಗಿಯಿಂದ ಅವಳ ಪಕ್ಕದ ಅಕ್ಕನಿಗೆ, ಆ ಅಕ್ಕನಿಂದ ಇನ್ನೊಬ್ಬ ಅಕ್ಕನಿಗೆ, ಕೊನೆಗೆ ದೊಡ್ಡಕ್ಕನಿಗೆ. ಕೆಲವು ಎಲೆಗಳ ತುದಿ ಕಂದಿತು. ಆದರೆ ಯಾರೂ ಮಲಗಲಿಲ್ಲ. ಎಲ್ಲರ ಎಲೆಯೂ ಬಿಸಿಲು ಹಿಡಿಯಿತು, ಎಲ್ಲರ ದಂಟೂ ಸಿಹಿ ಇಳಿಸಿತು. ಗಜನಿಯ ಬೂದು ಮೈಮೇಲೆ ಹಸಿರು ಹರಡಿತು.

ಸುದ್ದಿ ಗಾಳಿಗೆ ತಿಳಿಯಿತು. ಗಾಳಿಗೆ ತಿಳಿದದ್ದು ಕಡಲಿಗೆ ತಿಳಿಯದೆ ಇರುತ್ತದೆಯೇ?

ಹುಣ್ಣಿಮೆಯ ದಿನ ಮಧ್ಯಾಹ್ನ ಕಡಲಪ್ಪ ಬಂದ. ದಿನದ ಹಾಗಲ್ಲ, ದೊಡ್ಡ ಉಬ್ಬರದಲ್ಲಿ, ಎದೆಯುಬ್ಬಿಸಿ ಬಂದ.

"ಏನು ಗಜನಿ, ಮನೆ ತುಂಬಾ ನೆಂಟರಂತೆ?"

"ನೆಂಟರಲ್ಲ" ಎಂದಳು ಗಜನಿ. "ಮಕ್ಕಳು."

ಕಡಲಪ್ಪ ಗಟ್ಟಿಯಾಗಿ ನಕ್ಕ. "ನಾನು ನೆಕ್ಕಿದ ನೆಲದಲ್ಲಿ ಹಸಿರು ನಿಂತದ್ದು ಇಲ್ಲ." ಹಾಗೆಂದು ಗಜನಿಯ ಮೇಲೆ ಹರಡಿದ. ನೀರು ಭತ್ತದವರ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು. ನೀರಿನಲ್ಲಿ ಉಪ್ಪು, ಬರೀ ಉಪ್ಪು.

ಕಗ್ಗಿ ಕೆಳಗೆ ಕೂಗಿದಳು. "ನೂಲ?"

"ಇದ್ದೇನೆ ಅಕ್ಕ."

"ಹಿಡಿದುಕೊಂಡಿದ್ದೀಯಾ?"

"ನೀವು ಮೇಲೆ ಹಿಡಿದುಕೊಳ್ಳಿ. ಕೆಳಗೆ ನಾನು ಹಿಡಿದಿದ್ದೇನೆ."

ಹೊತ್ತು ಸರಿಯಿತು. ಇಳಿತ ಶುರುವಾಯಿತು. ಈಗ ಕಡಲಪ್ಪ ಎಂದಿನಂತೆ ಮಣ್ಣು ಬಾಚಿಕೊಂಡು ಹೊರಟ. ಕೈ ನೋಡಿಕೊಂಡರೆ ಬರೀ ನೀರು. ಮತ್ತೆ ಬಾಚಿದ. ಮತ್ತೆ ಬರೀ ನೀರು. ಒಂದೊಂದು ಮಣ್ಣಿನ ಹರಳನ್ನೂ ನೂಲ ಕಟ್ಟಿಹಾಕಿದ್ದ.

"ನನ್ನ ಮಣ್ಣೆಲ್ಲಿ?" ಎಂದು ಗುಡುಗಿದ ಕಡಲಪ್ಪ.

"ನಮ್ಮ ಕಾಲಿಗಂಟಿದೆ" ಎಂದಳು ಕಗ್ಗಿ.

ಕಡಲಪ್ಪನ ದನಿ ಒಮ್ಮೆಲೇ ಮೆತ್ತಗಾಯಿತು. "ಛೇ ಛೇ. ಒಳ್ಳೆಯ ಮನೆಯವರ ಹಾಗೆ ಕಾಣ್ತೀರಿ. ಕಾಲಲ್ಲಿ ಇಷ್ಟು ಕೊಳೆಯಾ? ತೊಳ್ಕೊಳ್ಳಿ, ತೊಳ್ಕೊಳ್ಳಿ. ನಾನಿದ್ದೇನಲ್ಲ. ನೀರಿಗೇನು ಕಡಿಮೆ?"

ಎಲ್ಲರೂ ದೊಡ್ಡಕ್ಕನ ಕಡೆ ನೋಡಿದರು. ಜೀವಮಾನವಿಡೀ ಕಾಲು ತೊಳೆಸಿದವಳು ಅವಳು.

ದೊಡ್ಡಕ್ಕ ಒದ್ದೆ ಎಲೆಗಳನ್ನು ಕೊಡವಿಕೊಂಡಳು. ಬೆನ್ನು ನೆಟ್ಟಗೆ ಮಾಡಿದಳು. ಕಲ್ಲು ಜಾಸ್ತಿ ಎಂದು ಮೂಗು ಮುರಿಯುತ್ತಿದ್ದಳಲ್ಲ, ಅದೇ ಮೂಗು, ಅದೇ ಗತ್ತು.

"ಕಡಲಪ್ಪ" ಎಂದಳು, "ತಿಳಿದಿರಲಿ. ಭತ್ತದ ಮನೆಯವರು ಕಾಲು ತೊಳೆಯೋದಿಲ್ಲ. ನಮ್ಮ ಮನೆತನದಲ್ಲಿ ಆ ಪದ್ಧತಿಯೇ ಇಲ್ಲ."

ಏಡಿ ನಗು ತಡೆಯಲಾರದೆ ಬಿಲದೊಳಗೆ ಬಿದ್ದಿತು.

ಕಡಲಪ್ಪ ಎಲ್ಲ ಸಾಲುಗಳನ್ನೂ ನೋಡಿದ. ತನ್ನ ಉಪ್ಪಿನಲ್ಲಿ ಹಸಿರಾಗಿ ನಿಂತವರನ್ನು ಅವನು ಎಂದೂ ಕಂಡಿರಲಿಲ್ಲ. ದೊಡ್ಡವರು ಸೋತರೆ ಚೌಕಾಸಿ ಮಾಡುತ್ತಾರೆ. ಅವನೂ ಮಾಡಿದ.

"ಮಳೆಗಾಲ ನಿಮ್ಮದು. ಬೇಸಿಗೆ ನನ್ನದು. ನಿಮ್ಮ ಕಟಾವಾದ ಮೇಲೆ ನನ್ನ ಸಿಗಡಿ, ಮೀನುಗಳು ಬಂದು ನಿಮ್ಮ ಹುಲ್ಲಿನ ನಡುವೆ ಮೇದು ಹೋಗ್ತವೆ. ಒಪ್ಪಿಗೆಯಾ?"

"ಒಪ್ಪಿಗೆ" ಎಂದಳು ಗಜನಿ. "ಆದರೆ ಮಣ್ಣು ನನ್ನ ಮಕ್ಕಳದ್ದು."

ಕಡಲಪ್ಪ ಬರಿಗೈಯಲ್ಲಿ ಹಿಂದೆ ಸರಿದ.

ಮಳೆ ಮುಗಿಯುವ ಮೊದಲೇ ಕಗ್ಗಿಯ ಒಡಲಿಂದ ತೆನೆ ಹೊರಟಿತು. ಕಾಳು ಬಲಿಯಿತು. ಸುಲಿದರೆ ಒಳಗೆ ಕೆಂಪು ಅಕ್ಕಿ, ಅವಳು ಬಿಟ್ಟು ಬಂದ ಕೆಂಪು ಮಣ್ಣಿನದೇ ಬಣ್ಣ. ಭತ್ತದ ಕುಲ ಉಳಿಯಿತು. ಗಜನಿ ಉಳಿದಳು. ಅಂದಿನಿಂದ ಉಪ್ಪು ನೆಲದಲ್ಲಿ ತಲೆಯೆತ್ತಿ ನಿಲ್ಲುವ ಭತ್ತಕ್ಕೆ ಆ ಕೊನೆಯ ಮಗಳ ಹೆಸರೇ ನಿಂತಿತು, ಕಗ್ಗ ಎಂದು.

ಇತ್ತ ಏಡಿ ಕಂಡದ್ದನ್ನೆಲ್ಲ ಹೊಳೆಗೆ ಹೇಳಿತು. ಹೊಳೆ ಉಬ್ಬರದಲ್ಲಿ ಮೇಲೇರುವಾಗ ದಡದ ಗಿಡಗಳಿಗೆಲ್ಲ ಹೇಳಿತು. ಮಾವು ಕೇಳಿತು, ಹಲಸು ಕೇಳಿತು, ಹುರುಳಿ ಕೇಳಿತು. ಎಲ್ಲವೂ ಕಾಲು ತೊಳೆಯುವುದನ್ನು ಬಿಟ್ಟವು. ನೂಲನ ಬಳಗದವರು ಬಂದು ಸಿಕ್ಕ ಸಿಕ್ಕ ಕಾಲುಗಳನ್ನು ಹಿಡಿದುಕೊಂಡರು. ಅಷ್ಟು ಪ್ರೀತಿಯಿಂದ ಕಾಲು ಹಿಡಿದವರನ್ನು ಬಿಟ್ಟು ನಡೆಯಲು ಯಾವ ಗಿಡಕ್ಕೂ ಮನಸ್ಸಾಗಲಿಲ್ಲ. ನಿಂತವು ನಿಂತೇಬಿಟ್ಟವು.

ಅದಕ್ಕೇ ಮಗೂ, ಇಂದಿಗೂ ನೀನು ಅಂಗಳದ ಒಂದು ಹುಲ್ಲನ್ನು ಬೇರುಸಹಿತ ಕಿತ್ತು ನೋಡಿದರೆ ಅದು ಬರಿಗಾಲಲ್ಲಿ ಬರುವುದಿಲ್ಲ, ಒಂದು ಹಿಡಿ ಮಣ್ಣನ್ನು ಗೆಜ್ಜೆಯ ಹಾಗೆ ಕಟ್ಟಿಕೊಂಡೇ ಬರುತ್ತದೆ, ಎಷ್ಟು ಕೊಡವಿದರೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.